ಮಳೆಗಾಲದ ಒಂದು ರಾತ್ರಿಗೆ ಸಾಗರ ಪೇಟೆಯೋ, ಹಿನ್ನೀರಿನ ದಡವೋ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗದಿಂದ ಬೈಕಿನಲ್ಲಿ ಕೊಲ್ಲೂರಿನ ಕಡೆಗೆ ಇಳಿಯುವ ಗಂಡ ಹೆಂಡತಿ ನಡುವೆ ಒಂದು ರಾತ್ರಿ ತಂಗಬೇಕೆಂದರೆ ಸಾಗರ ಪೇಟೆಯ ಸಾಧಾರಣ ಲಾಡ್ಜೇ ಸರಿ. ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ತುಮರಿ ಸುತ್ತಮುತ್ತ ಇರುವ ಹೋಂಸ್ಟೇಗಳು ಚಂದ, ಊಟ ಇನ್ನೂ ಚಂದ, ಉಪಚಾರಕ್ಕಂತೂ ಹೆಸರಿಡುವಂತಿಲ್ಲ. ಆದರೂ ಮಳೆಗಾಲದಲ್ಲಿ ಅಲ್ಲಿ ಉಳಿಯುವುದನ್ನು ನಾವು ನಿಲ್ಲಿಸಿದ್ದೇವೆ. ಅಲ್ಲಿ ಬಟ್ಟೆ ಒಣಗುವುದಿಲ್ಲ.

ನನ್ನ ತವರು ಬೈಂದೂರಿನ ಕಡೆ. ನಮ್ಮ ಮನೆಯವರಿಗೆ ಶನಿವಾರ ಮಧ್ಯಾಹ್ನದವರೆಗೂ ಕೆಲಸ. ಊಟ ಮುಗಿಸಿ ಹೊರಟರೆ ಆಯನೂರು, ಕುಂಸಿ, ಆನಂದಪುರ ದಾಟಿ ಸಾಗರ ಮುಟ್ಟುವಷ್ಟರಲ್ಲಿ ಸಂಜೆ. ಬಿಸಿಲುಗಾಲವಾದರೆ ಒಂದೇ ಓಟಕ್ಕೆ ಮನೆ ಸೇರಬಹುದು. ಆದರೆ ಆರಿದ್ರಾ, ಪುನರ್ವಸು ಮಳೆ ಹಿಡಿದು ಹೊಯ್ಯುವಾಗ ಕತ್ತಲಾದ ಮೇಲೆ ಕೊಲ್ಲೂರು ಘಾಟಿ ಇಳಿಯುವುದು ನಮಗೆ ಬೇಡ. ಮಂಜು ಕವಿದಾಗ ಬೈಕಿನ ದೀಪಕ್ಕೆ ಮಳೆಯ ಗೆರೆಗಳು ಕಾಣುತ್ತವೆಯೇ ಹೊರತು ರಸ್ತೆ ಕಾಣುವುದಿಲ್ಲ. ಎಲ್ಲಿ ಮರ ಅಡ್ಡ ಬಿದ್ದಿದೆಯೋ ಗೊತ್ತಾಗುವುದಿಲ್ಲ. ಹಾಗಾಗಿ ಘಟ್ಟದ ಮೇಲೆ ಒಂದು ರಾತ್ರಿ ಕಳೆದು ಬೆಳಕಿನಲ್ಲಿ ಇಳಿಯುತ್ತೇವೆ.

ಜೋಗದಲ್ಲಿ ಉಳಿಯಬಹುದಲ್ಲ ಎನ್ನುವವರಿದ್ದಾರೆ. ಜಲಪಾತ ನೋಡಲು ಹೋಗುವವರಿಗೆ ಅದು ಸರಿ, ನಮ್ಮ ದಾರಿಗೆ ಸುತ್ತು. ಕೊಲ್ಲೂರಿನಲ್ಲೇ ವಸತಿ ಬೇಕಾದಷ್ಟಿದೆ, ಆದರೆ ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಆ ಘಾಟಿಯನ್ನೇ ಇಳಿಯಬೇಕು.

ಮೊದಲೆಲ್ಲ ಆಚೆ ದಡದಲ್ಲಿ ಉಳಿಯುವುದಕ್ಕೆ ಗಟ್ಟಿ ಕಾರಣವೇ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಆಚೆ ದಡದ ಕರೂರು ಸೀಮೆಯ ಊರುಗಳು ಸಾಗರದಿಂದ ಕಡಿದು ಹೋದವು. ಆಮೇಲೆ ಹೊಳೆಬಾಗಿಲಿನ ಲಾಂಚೇ ಅವರಿಗೆ ದಾರಿ. ಆಸ್ಪತ್ರೆಗೆ, ಕಾಲೇಜಿಗೆ, ಕಚೇರಿ ಕೆಲಸಕ್ಕೆ, ಎಲ್ಲದಕ್ಕೂ ಲಾಂಚಿನ ಗಳಿಗೆ ನೋಡಿ ಹೊರಡಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಈಚೆ ದಡದಲ್ಲೇ. ನಮ್ಮಂಥ ದಾರಿಹೋಕರಿಗೂ ಅದೇ ಲೆಕ್ಕ. ಶನಿವಾರವೇ ದಾಟಿಬಿಟ್ಟರೆ ಭಾನುವಾರ ಬೆಳಿಗ್ಗೆ ಸಿಗಂದೂರಿಗೆ ಬರುವ ವಾಹನಗಳ ಸಾಲಿನಲ್ಲಿ ನಿಲ್ಲಬೇಕಿರಲಿಲ್ಲ. ಅದಕ್ಕಾಗಿಯೇ ಹೆಚ್ಚು ದುಡ್ಡು ಕೊಟ್ಟು ಆಚೆ ಉಳಿಯುತ್ತಿದ್ದೆವು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾರಣ ಇಲ್ಲವಾಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಅದು. ಮಳೆಯಲ್ಲಿ ಬೈಕು ಓಡಿಸುವವರು ಅಲ್ಲಿ ಅಡ್ಡಗಾಳಿಗೆ ಮಾತ್ರ ಎಚ್ಚರವಾಗಿರಬೇಕು. ದಡದ ಮರಗಳ ಮರೆ ತಪ್ಪಿ ನೀರಿನ ಮೇಲೆ ಬಂದ ಕೂಡಲೇ ಗಾಳಿ ಪಕ್ಕದಿಂದ ಹೊಡೆದು ರೇನ್‌ಕೋಟಿನ ಬೆನ್ನು ಬುಗ್ಗೆಯಾಗುತ್ತದೆ. ನಿಧಾನವಾಗಿ ಹೋದರೆ ತೊಂದರೆಯಿಲ್ಲ. ಅರವತ್ತು ವರ್ಷ ಕಾದ ಆ ಜನರಿಗೆ ಈಗ ನಡುರಾತ್ರಿಯಲ್ಲೂ ದಾರಿಯಿದೆ ಎಂದು ನೆನೆದರೆ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಇನ್ನು ಬಟ್ಟೆಯ ವಿಷಯ.

ಎಷ್ಟೇ ಒಳ್ಳೆಯ ರೇನ್‌ಕೋಟ್ ಹಾಕಿದರೂ ಬೈಕಿನಲ್ಲಿ ಕೂತವರು ಪೂರ್ತಿ ಒಣಗಿರುವುದಿಲ್ಲ. ಸೀಟಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅದು ಮಳೆ ಪ್ಯಾಂಟಿನ ನಡುವಿನ ಹೊಲಿಗೆಯಿಂದ ಮೆಲ್ಲಗೆ ಒಳಗಿಳಿಯುತ್ತದೆ. ಕುತ್ತಿಗೆಯಿಂದ ಒಂದು ಧಾರೆ, ಮಣಿಕಟ್ಟಿನಿಂದ ಇನ್ನೊಂದು. ಆನಂದಪುರ ದಾಟುವಷ್ಟರಲ್ಲಿ ಬೂಟಿನೊಳಗೆ ಬೆರಳು ಆಡಿಸಿದರೆ ಪಚಪಚ ಎನ್ನುತ್ತದೆ. ಇನ್ನೊಂದು ಜೊತೆ ಬಟ್ಟೆ ಚೀಲದಲ್ಲಿ ಇದ್ದೇ ಇರುತ್ತದೆ, ಆದರೆ ಅದು ತವರಿನ ಹೊಸ್ತಿಲು ದಾಟುವಾಗ ಉಡುವುದಕ್ಕೆ. ಬೆಳಿಗ್ಗೆ ಅದನ್ನೇ ಹಾಕಿಕೊಂಡು ಮತ್ತೆ ಮಳೆಗೆ ಇಳಿದರೆ ಎರಡೂ ಜೊತೆ ಒದ್ದೆ. ಒದ್ದೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮುಗ್ಗಲು ವಾಸನೆ, ಒಂದೆರಡು ದಿನ ಹಾಗೇ ಬಿಟ್ಟರೆ ಬೂಷ್ಟು. ಹಾಗಾಗಿ ತಂಗುವ ಜಾಗದಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಏಳರೊಳಗೆ ಒಂದು ಜೊತೆ ಬಟ್ಟೆ ಮತ್ತು ಬೂಟು ಒಣಗಲೇಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಆಚೆ ದಡದಲ್ಲಿ ನಾವು ಉಳಿಯುತ್ತಿದ್ದ ಮನೆಯವರು ತೋಟದ ಅಂಚಿನಲ್ಲಿ ಅತಿಥಿಗಳಿಗೆಂದೇ ಬೇರೆ ಕೋಣೆಗಳನ್ನು ಕಟ್ಟಿಸಿದ್ದಾರೆ. ಕಿಟಕಿ ತೆರೆದರೆ ನೀರು. ಆ ನೀರಿನ ಮೇಲಿಂದ ಬರುವ ಗಾಳಿಯೇ ತೊಯ್ದಿರುತ್ತದೆ. ಮುಟ್ಟಿದರೆ ಹಾಸಿಗೆಯ ಹೊದಿಕೆಯೂ ತಣ್ಣಗೆ, ಅಂಟಂಟು. ಕಿಟಕಿ ಮುಚ್ಚಿದರೆ ಬಟ್ಟೆಯಿಂದ ಎದ್ದ ಹಸಿ ಹೊರಗೆ ಹೋಗಲು ದಾರಿಯಿಲ್ಲದೆ ಗಾಜಿನ ಮೇಲೆ ಬೆವರಾಗಿ ಕೂರುತ್ತದೆ. ಗಾಳಿ ಮಳೆಗೆ ಕರೆಂಟು ಸಂಜೆಯೇ ಹೋಗಿರುತ್ತದೆ. ಅದು ಯಾರ ತಪ್ಪೂ ಅಲ್ಲ, ಕಾಡಿನ ನಡುವೆ ಬಂದ ತಂತಿಯ ಮೇಲೆ ಒಂದು ಕೊಂಬೆ ಬಿದ್ದರೂ ಸಾಕು. ಯುಪಿಎಸ್ ಇದೆ, ಫ್ಯಾನು ತಿರುಗುತ್ತದೆ, ಆದರೆ ನಡುರಾತ್ರಿಯ ಹೊತ್ತಿಗೆ ಬ್ಯಾಟರಿ ಮುಗಿಯುತ್ತದೆ. ಎಚ್ಚರವಾದಾಗ ಫ್ಯಾನಿನ ಸದ್ದು ಕೇಳದಿದ್ದರೆ ಬೆಳಿಗ್ಗೆ ಏನು ಕಾದಿದೆಯೆಂದು ಗೊತ್ತಾಗಿಬಿಡುತ್ತಿತ್ತು. ಒದ್ದೆ ಪ್ಯಾಂಟಿಗೆ ಕಾಲು ತೂರಿಸಿ ದಿನ ಶುರು ಮಾಡುವುದಕ್ಕಿಂತ ದೊಡ್ಡ ಶಿಕ್ಷೆ ಪ್ರಯಾಣದಲ್ಲಿ ಇನ್ನೊಂದಿಲ್ಲ.

ಮಲೆನಾಡಿನ ಮನೆಯಲ್ಲಿ ಬಚ್ಚಲ ಒಲೆ ಇರುವಾಗ ಒಣಗಿಸುವ ಚಿಂತೆ ಏಕೆ ಎಂದು ಕೇಳಬಹುದು. ಒಲೆ ಇದೆ. ಅದಿರುವುದು ಅವರ ಮನೆಯಲ್ಲಿ. ನಮ್ಮ ಕೋಣೆಗೆ ಟೈಲ್ಸ್ ಹಾಕಿದ ಬಚ್ಚಲು, ಗೀಸರು. ಒಂದು ರಾತ್ರಿ ನಮ್ಮ ಪಾಡು ನೋಡಲಾರದೆ ಮನೆಯ ಹಿರಿಯಮ್ಮ, “ಕೊಡು ತಂಗಿ ಇಲ್ಲಿ, ಹಂಡೆ ಒಲೆಯ ಮೇಲೆ ಗಳ ಇದೆ, ಬೆಳಗಿನೊಳಗೆ ಗರಿಗರಿಯಾಗುತ್ತದೆ” ಎಂದು ಬಟ್ಟೆಗಳನ್ನು ಇಸಿದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ. ಗಳದ ತುಂಬ ಮಕ್ಕಳ ಶಾಲೆಯ ಸಮವಸ್ತ್ರ ಹರವಿತ್ತು. ಸೋಮವಾರಕ್ಕೆ ಬೇಕಾದ ಅಂಗಿ, ಲಂಗಗಳನ್ನು ಅವರು ಒಂದು ತುದಿಗೆ ಒತ್ತರಿಸಿ, ಒಲೆಯ ನೇರ ಮೇಲಿನ ಜಾಗವನ್ನು ನಮ್ಮ ಪ್ಯಾಂಟಿಗೆ ಬಿಟ್ಟುಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಬೆಳಿಗ್ಗೆ ನನ್ನ ಚೂಡಿದಾರ ಒಣಗಿತ್ತು, ಹೊಗೆ ವಾಸನೆ ಮಾತ್ರ ಬೈಂದೂರಿನವರೆಗೂ ಬಿಡಲಿಲ್ಲ. ನಮ್ಮ ಮನೆಯವರ ದಪ್ಪ ಪ್ಯಾಂಟಿನ ಸೊಂಟಪಟ್ಟಿ ಮತ್ತು ಜೇಬು ಇನ್ನೂ ಹಸಿಯಾಗಿದ್ದವು. ಹೊಗೆ ವಾಸನೆ ನನಗೆ ದೊಡ್ಡದಲ್ಲ. ಆದರೆ ಆ ಮಕ್ಕಳ ಸಮವಸ್ತ್ರ ಸರಿಸಿ ನಮ್ಮದನ್ನು ಒಣಗಿಸಿಕೊಳ್ಳುವ ಋಣ ಪ್ರತಿ ಮಳೆಗಾಲಕ್ಕೂ ಬೇಡ ಎನಿಸಿತು.

ಸಾಗರದಲ್ಲಿ ಹಾಗಲ್ಲ. ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿರುವ ಲಾಡ್ಜು, ಮೇಲಿನ ಮಹಡಿ, ಒಂದು ಮಂಚ, ಒಂದು ಮೇಜು, ತಲೆಯ ಮೇಲೆ ಹಳೆಯ ಫ್ಯಾನು. ಪೇಟೆಯಲ್ಲಿ ಕರೆಂಟು ಹೋದರೂ ಬೇಗ ಬರುತ್ತದೆ, ಅಷ್ಟು ಹೊತ್ತು ಲಾಡ್ಜಿನವರು ಜನರೇಟರ್ ಹಾಕುತ್ತಾರೆ. ನಮ್ಮ ಚೀಲದಲ್ಲಿ ಸದಾ ನೈಲಾನ್ ಹಗ್ಗ ಇರುತ್ತದೆ. ಕಿಟಕಿಯ ಸರಳಿನಿಂದ ಬಚ್ಚಲ ಬಾಗಿಲಿನ ಕೊಂಡಿಗೆ ಅದನ್ನು ಎಳೆದು ಕಟ್ಟುತ್ತೇವೆ. ಹಿಂಡಿದ ಬಟ್ಟೆಯನ್ನು ನೇರವಾಗಿ ಹರವಬಾರದು. ಮೊದಲು ಒಣ ಬೈರಾಸಿನಲ್ಲಿ ಸುರುಳಿ ಸುತ್ತಿ ಮೊಣಕಾಲಿನಿಂದ ಒತ್ತಬೇಕು, ಅರ್ಧ ನೀರು ಅಲ್ಲೇ ಹೋಗುತ್ತದೆ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಜೇಬುಗಳನ್ನು ಎಳೆದು, ಸೊಂಟಪಟ್ಟಿ ಮೇಲೆ ಬರುವಂತೆ ನೇತುಹಾಕಬೇಕು. ಬಚ್ಚಲ ಗವಾಕ್ಷಿ ತೆರೆದಿಡಬೇಕು. ಮಳೆಗಾಲದ ಗಾಳಿಯಲ್ಲಿ ಮೊದಲೇ ಹಸಿ ತುಂಬಿರುವುದರಿಂದ ಬಟ್ಟೆಯ ಸುತ್ತಲಿನ ಗಾಳಿ ಬದಲಾಗುತ್ತಲೇ ಇರಬೇಕು, ನಿಂತ ಗಾಳಿಯಲ್ಲಿ ಏನೂ ಒಣಗದು. ಬೂಟಿನ ಒಳಹಾಸು ತೆಗೆದು, ಹಳೆಯ ದಿನಪತ್ರಿಕೆ ತುರುಕಿ, ಮಲಗುವ ಮುಂಚೆ ಒಮ್ಮೆ ಕಾಗದ ಬದಲಿಸಿದರೆ ಬೆಳಿಗ್ಗೆ ಕಾಲಿಡಬಹುದು. ಹಳೆಯ ಪತ್ರಿಕೆಯನ್ನು ಲಾಡ್ಜಿನ ಹುಡುಗ ಕೇಳುವ ಮೊದಲೇ ತಂದುಕೊಡುತ್ತಾನೆ.

ಅಷ್ಟಾದರೂ ಸೊಂಟಪಟ್ಟಿ ಹಠ ಹಿಡಿದರೆ ಎದುರು ಸಾಲಿನಲ್ಲಿ ಇಸ್ತ್ರಿ ಅಂಗಡಿಯಿದೆ. ಬೆಳಿಗ್ಗೆ ಬೇಗ ಬಾಗಿಲು ತೆಗೆಯುತ್ತಾರೆ. “ಇನ್ನೂ ಹಸಿ ಇದೆ ಅಕ್ಕ, ಕೂತುಕೊಳ್ಳಿ” ಎಂದು ಆತ ಪಟ್ಟಿಯ ಮೇಲೆ ಪೆಟ್ಟಿಗೆಯನ್ನು ಒತ್ತಿ ಹಿಡಿಯುತ್ತಾನೆ. ಚುಂಯ್ ಎಂದು ಹಬೆ ಏಳುತ್ತದೆ. ತಿರುಗಿಸಿ ಮತ್ತೆ ಒತ್ತುತ್ತಾನೆ, ಹಬೆ ಏಳುವುದು ನಿಂತ ಮೇಲೆಯೇ ಮಡಿಸುವುದು. ಆ ಬೆಚ್ಚಗಿನ ಪ್ಯಾಂಟು ಹಾಕಿಕೊಂಡು ಬೈಕು ಹತ್ತಿದರೆ ಘಾಟಿಯ ಮಳೆಗೂ ಹೆದರಿಕೆಯಿಲ್ಲ.

ಪೇಟೆ ಎಂದ ಮೇಲೆ ಮಿಕ್ಕ ಅನುಕೂಲಗಳೂ ಇವೆ. ಬ್ರೇಕ್ ಬಿಗಿ ಮಾಡಿಸಬಹುದು, ಹರಿದ ಕೈಗವಸಿಗೆ ಬದಲು ಕೊಳ್ಳಬಹುದು, ಔಷಧದ ಅಂಗಡಿ ರಾತ್ರಿಯೂ ಸಿಗುತ್ತದೆ. ಬೆಳಗಿನ ಜಾವದ ಬಸ್ಸಿನ ಹಾರ್ನ್ ಕಿವಿಗೆ ಬೀಳುತ್ತದೆ, ಅಷ್ಟು ಹೊತ್ತಿಗೆ ನಾವು ಏಳುವವರೇ.

ಊಟದಲ್ಲಿ ಹೋಲಿಕೆಯೇ ಇಲ್ಲ. ಹಿನ್ನೀರಿನ ಮನೆಯ ಕೆಸುವಿನ ಸೊಪ್ಪಿನ ಕರಕಲಿ, ಅಪ್ಪೆಹುಳಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳದ ಮುಂದೆ ಹೋಟೆಲಿನ ಚಪಾತಿ ಯಾವ ಲೆಕ್ಕ?

ದುಡ್ಡಿನ ಮಾತು: ಹೋಂಸ್ಟೇಯಲ್ಲಿ ಊಟ, ತಿಂಡಿ ಸೇರಿ ಇಬ್ಬರಿಗೆ ನಾವು ಕೊಟ್ಟದ್ದು 3,500 ರೂಪಾಯಿ. ಸಾಗರದಲ್ಲಿ ಕೋಣೆ, ರಾತ್ರಿಯ ಊಟ, ಬೆಳಗಿನ ಇಡ್ಲಿ, ಇಸ್ತ್ರಿ ಎಲ್ಲ ಸೇರಿದರೂ 1,500 ದಾಟುವುದಿಲ್ಲ. ಅವರು ಕೇಳುವುದು ಹೆಚ್ಚಲ್ಲ, ಆ ಊಟಕ್ಕೆ, ಆ ಜಾಗಕ್ಕೆ ನ್ಯಾಯವಾದ ಬೆಲೆಯೇ. ಆದರೆ ಸಂಜೆ ಏಳಕ್ಕೆ ಮುಟ್ಟಿ ಬೆಳಿಗ್ಗೆ ಏಳಕ್ಕೆ ಹೊರಡುವವರು ಕತ್ತಲಲ್ಲಿ ನೋಡದ ನೀರಿಗೂ ದುಡ್ಡು ಕೊಟ್ಟಂತಾಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಈ ಬಟ್ಟೆಯ ಗೋಳೇ ಇಲ್ಲ. ಅವರು ಕಣ್ಣು ಮುಚ್ಚಿ ಹಿನ್ನೀರಿನ ದಡ ಆರಿಸಿಕೊಳ್ಳಲಿ. ನಾವೂ ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಅಲ್ಲಿಗೇ ಹೋಗುತ್ತೇವೆ, ಒಂದು ರಾತ್ರಿಯ ಬದಲು ಎರಡು ರಾತ್ರಿ ಉಳಿಯುತ್ತೇವೆ.

ಸಾಗರದಲ್ಲಿ ಕೋಣೆ ಹಿಡಿಯುವಾಗ ನೆಲಮಹಡಿ ಬೇಡ, ಗೋಡೆಯೇ ಬೆವರುತ್ತಿರುತ್ತದೆ. ಮೇಲಿನದನ್ನು ಕೇಳಿ. ಮುಂಗಡ ಕೊಡುವ ಮೊದಲು ಒಳಗೆ ಹೋಗಿ ಫ್ಯಾನನ್ನು ಐದಕ್ಕೆ ತಿರುಗಿಸಿ, ಕಿಟಕಿಯ ಪರದೆ ಅಲುಗುತ್ತದೆಯೇ ನೋಡಿ. ಅಲುಗದಿದ್ದರೆ ಬೇರೆ ಕೋಣೆ ತೋರಿಸಿ ಎನ್ನಿ.