ಕನ್ನಡದ ಜೀವನಶೈಲಿ ಬ್ಲಾಗಿಗೆ ಗೂಗಲ್ ಸರ್ಚ್ ಕನ್ಸೋಲ್: ಎರಡು ವರ್ಷ ಬಳಸಿದ ಮೇಲೆ

ಅಡುಗೆ, ಹಬ್ಬ, ಸೀರೆಗಳ ಆರೈಕೆ, ಬಾಲ್ಕನಿಯ ಕುಂಡಗಳಲ್ಲಿ ಬೆಳೆಯುವ ಸೊಪ್ಪು ಮೊದಲಾದ ಮನೆವಾರ್ತೆಯ ಸಂಗತಿಗಳನ್ನು ಕನ್ನಡದಲ್ಲಿ ಬರೆಯುವ ಬ್ಲಾಗೊಂದನ್ನು ನಾನು ಮೈಸೂರಿನಿಂದ ನಡೆಸುತ್ತಿದ್ದೇನೆ. ಓದುಗರ ಸಂಖ್ಯೆ ಒಂದು ಹಂತಕ್ಕೆ ಬಂದು ನಿಂತುಬಿಟ್ಟಾಗ, ಬ್ಲಾಗ್ ಬೆಳೆಸುವ ವಿದ್ಯೆಯನ್ನು ಕಲಿಯಲೇಬೇಕೆಂದು ಹಣ ಕಟ್ಟಿ ಆನ್‌ಲೈನ್ ತರಗತಿಯೊಂದಕ್ಕೆ ಸೇರಿದೆ. ಅಲ್ಲಿ ಕೊಟ್ಟ ಉದಾಹರಣೆಗಳೆಲ್ಲ ಇಂಗ್ಲಿಷ್ ಬ್ಲಾಗುಗಳವು, ಕೊಟ್ಟ ಪದಪಟ್ಟಿಗಳೆಲ್ಲ ಅಮೆರಿಕದ ಓದುಗರವು. ಪ್ರಶ್ನೋತ್ತರ ಮಾರ್ಕಪ್ (ಪುಟದಲ್ಲಿರುವುದು ಪ್ರಶ್ನೋತ್ತರವೆಂದು ಗೂಗಲ್‌ಗೆ ತಿಳಿಸುವ ಸಂಕೇತ) ಹಾಕಿದರೆ ಹುಡುಕಾಟದ ಫಲಿತಾಂಶದಲ್ಲಿ ಹೆಚ್ಚು ಜಾಗ ಸಿಗುತ್ತದೆಂದು ಒಂದು ಇಡೀ ಪಾಠವೇ ಇತ್ತು. ಆದರೆ ಗೂಗಲ್ ಆ ಸೌಲಭ್ಯವನ್ನು 2023ರ ಆಗಸ್ಟ್‌ನಲ್ಲೇ ಸರ್ಕಾರಿ ಹಾಗೂ ಆರೋಗ್ಯ ಕ್ಷೇತ್ರದ ಪ್ರಮುಖ ತಾಣಗಳಿಗೆ ಮಾತ್ರ ಸೀಮಿತಗೊಳಿಸಿತ್ತು. ನನ್ನ ಬ್ಲಾಗಿಗೆ ನಿಜವಾಗಿ ಒದಗಿದ ಪಾಠಗಳನ್ನು ನಾನು ಕಲಿತದ್ದು, ನಮ್ಮ ಬ್ಲಾಗ್ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣಿಸುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಿಂದ. ಆ ಸೇವೆ ಕನ್ನಡದ ಬರಹಗಾರರಿಗೆ ಎಷ್ಟು ಉಪಯುಕ್ತ, ಎಲ್ಲಿ ಸಾಲದು ಎಂಬುದೇ ಈ ವಿಮರ್ಶೆಯ ವಿಷಯ.

ಹಿಂದೆ ವೆಬ್‌ಮಾಸ್ಟರ್ ಟೂಲ್ಸ್ ಎಂದು ಕರೆಯಲಾಗುತ್ತಿದ್ದ ಈ ಸೇವೆಗೆ ಈಗಿನ ಹೆಸರು ಬಂದದ್ದು 2015ರಲ್ಲಿ. ಗೂಗಲ್ ಖಾತೆ ಇದ್ದರೆ ಸಾಕು, ಹಣ ಕೊಡಬೇಕಿಲ್ಲ. ಬ್ಲಾಗ್ ನಮ್ಮದೇ ಎಂದು ತೋರಿಸಿಕೊಡುವುದೊಂದೇ ಆರಂಭದ ಕೆಲಸ. ಸ್ವಂತ ಡೊಮೇನ್ ಇರುವವರು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನಿನ ವಿಳಾಸದ ದಾಖಲೆಯಲ್ಲಿ, ಒಂದು ಸಾಲನ್ನು ಸೇರಿಸಿ ಇಡೀ ಡೊಮೇನನ್ನು ನೋಂದಾಯಿಸುವುದು ಒಳ್ಳೆಯದು, ಏಕೆಂದರೆ ಆಗ ವಿಳಾಸದ ಎಲ್ಲ ರೂಪಗಳ ಲೆಕ್ಕವೂ ಒಂದೇ ಕಡೆ ಸೇರುತ್ತದೆ. ಬ್ಲಾಗ್‌ಸ್ಪಾಟ್‌ನಂತಹ ಉಚಿತ ವಿಳಾಸದಲ್ಲಿ ಬರೆಯುವವರಿಗೆ ಆ ದಾರಿ ಇಲ್ಲ. ಅವರು ಬ್ಲಾಗಿನ ಪೂರ್ಣ ವಿಳಾಸವನ್ನೇ ಕೊಟ್ಟು ಸೇರಿಸಬೇಕು. ನನಗೆ ಇದಕ್ಕೆ ಒಂದು ಸಂಜೆ ಹಿಡಿಯಿತು.

ಸೇವೆಯ ಹೃದಯವಿರುವುದು ಪರ್ಫಾರ್ಮೆನ್ಸ್ ಎಂಬ ವರದಿಯಲ್ಲಿ. ಜನರು ಯಾವ ಮಾತುಗಳನ್ನು ಟೈಪ್ ಮಾಡಿದಾಗ ನಮ್ಮ ಪುಟ ಗೂಗಲ್‌ನಲ್ಲಿ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಅದನ್ನು ಒತ್ತಿ ಒಳಗೆ ಬಂದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬ ನಾಲ್ಕು ಸಂಗತಿಗಳು ಅಲ್ಲಿ ದೊರೆಯುತ್ತವೆ. ಓದಲು ಒಣ ಅಂಕಿಗಳಂತೆ ಕಂಡರೂ ಕನ್ನಡದಲ್ಲಿ ಬರೆಯುವವರಿಗೆ ಇದರಷ್ಟು ಬೆಲೆಬಾಳುವ ಪಾಠ ಬೇರೊಂದಿಲ್ಲ ಎಂಬುದು ನನ್ನ ಅನುಭವ, ಏಕೆಂದರೆ ನಮ್ಮ ಭಾಷೆಯಲ್ಲಿ ಒಂದು ವಸ್ತುವಿಗೆ ಒಂದೇ ಹೆಸರಿಲ್ಲ. ನಾನು ಹುಟ್ಟಿ ಬೆಳೆದ ಸೀಮೆಯಲ್ಲಿ ಕಡಲೆಕಾಯಿ ಎನ್ನುವುದನ್ನು ಧಾರವಾಡದ ಕಡೆಯವರು ಶೇಂಗಾ ಎನ್ನುತ್ತಾರೆ, ಕರಾವಳಿಯವರು ನೆಲಗಡಲೆ ಎನ್ನುತ್ತಾರೆ. ನನ್ನ ‘ಕಡಲೆಕಾಯಿ ಚಟ್ನಿಪುಡಿ’ ಬರಹ ಯಾವ ಮಾತಿಗೆ ಕಾಣಿಸುತ್ತಿದೆ ಎಂದು ನೋಡಿದಾಗ, ಪಟ್ಟಿಯ ಮೇಲ್ತುದಿಯಲ್ಲಿ ಇದ್ದದ್ದು ಶೇಂಗಾ ಹಿಂಡಿ. ಬರಹದೊಳಗೆ ಆ ಹೆಸರು ಒಂದೇ ಒಂದು ಸಲ, ಅದೂ ಕೊನೆಯಲ್ಲಿ, ನೆಂಟರ ಮನೆಯ ನೆನಪಿನ ಜೊತೆ ಬಂದಿತ್ತು. ಅಷ್ಟಕ್ಕೇ ಗೂಗಲ್ ಅದನ್ನು ದೂರದ ಸ್ಥಾನದಲ್ಲಿ ತೋರಿಸುತ್ತಿತ್ತು, ಒತ್ತಿ ಬಂದವರು ಬೆರಳೆಣಿಕೆಯಷ್ಟು.

ಇಲ್ಲಿ ಒಂದು ಎಚ್ಚರ ಬೇಕು. ಶೀರ್ಷಿಕೆಯಲ್ಲಿ ಎರಡೂ ಹೆಸರುಗಳನ್ನು ತುರುಕಿಬಿಡುವುದು ಸುಲಭ, ಆದರೆ ಉತ್ತರ ಕರ್ನಾಟಕದ ಶೇಂಗಾ ಹಿಂಡಿಯೂ ನಮ್ಮ ಕಡೆಯ ಚಟ್ನಿಪುಡಿಯೂ ಒಂದೇ ಅಲ್ಲ. ಅವರದರಲ್ಲಿ ಬೆಳ್ಳುಳ್ಳಿ ಮತ್ತು ಕೆಂಪು ಖಾರ ಮುಂದಿರುತ್ತವೆ, ಕುಟ್ಟಿ ತರಿತರಿಯಾಗಿ ಇಡುತ್ತಾರೆ, ಜೋಳದ ರೊಟ್ಟಿಯ ಜೊತೆ ಮೊಸರು ಇಲ್ಲವೆ ಎಣ್ಣೆ ಕಲಸಿಕೊಂಡು ತಿನ್ನುತ್ತಾರೆ. ಆದ್ದರಿಂದ ಪರಿಚಯದ ಹೆಂಗಸೊಬ್ಬರಿಂದ ಕಲಿತು, ಮಾಡಿ ನೋಡಿ, ಹಿಂಡಿಗೆಂದೇ ಬೇರೆ ಬರಹವನ್ನು ಬರೆದೆ. ಹೋಳಿಗೆ ಮತ್ತು ಒಬ್ಬಟ್ಟಿನ ವಿಷಯ ಹಾಗಲ್ಲ. ಅಲ್ಲಿ ಹೆಸರು ಎರಡು, ತಿನಿಸು ಒಂದೇ, ಹಾಗಾಗಿ ಒಂದೇ ಪುಟದಲ್ಲಿ ಎರಡೂ ಹೆಸರನ್ನು ಸಹಜವಾಗಿ ತಂದರೆ ಸಾಕಾಯಿತು. ಯಾವುದು ಬೇರೆ ಹೆಸರು, ಯಾವುದು ಬೇರೆಯೇ ಅಡುಗೆ ಎಂಬ ವಿವೇಚನೆಯನ್ನು ಈ ಸಾಧನ ಮಾಡಿಕೊಡುವುದಿಲ್ಲ. ಯಾವ ಪ್ರಶ್ನೆಯನ್ನು ಕೇಳಿಕೊಳ್ಳಬೇಕೆಂದು ಮಾತ್ರ ತೋರಿಸುತ್ತದೆ. ನನಗೆ ಅಷ್ಟೇ ಬೇಕಿತ್ತು.

ಎರಡನೆಯ ಪಾಠ ಶೀರ್ಷಿಕೆಯದು. ಇಳಕಲ್ ಸೀರೆಯ ಬಗ್ಗೆ ನಾನು ತುಂಬ ಪ್ರೀತಿಯಿಂದ ಬರೆದಿದ್ದ ಲೇಖನವೊಂದಿತ್ತು: ಬಾಗಲಕೋಟೆ ಜಿಲ್ಲೆಯ ಆ ಊರು, ಮೈಯ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಕೊಂಡಿಯಾಗಿ ಕೂಡಿಸುವ ತೋಪ್ ತೆನಿ ವಿಧಾನ, ಕಸೂತಿ ಎಲ್ಲವೂ ಅದರಲ್ಲಿದ್ದವು. ಕಾಣಿಸಿದ ಸಂಖ್ಯೆ ದೊಡ್ಡದು, ಒತ್ತಿದವರ ಸಂಖ್ಯೆ ತೀರ ಚಿಕ್ಕದು. ಜನ ಗೂಗಲ್‌ನಲ್ಲಿ ಟೈಪ್ ಮಾಡಿದ ಪ್ರಶ್ನೆಗಳನ್ನು ಒಂದೊಂದಾಗಿ ಓದಿದಾಗ ಕಾರಣ ತಿಳಿಯಿತು. ಬರುತ್ತಿದ್ದವರಿಗೆ ಬೇಕಾಗಿದ್ದದ್ದು ಇತಿಹಾಸವಲ್ಲ. ರೇಷ್ಮೆ ಸೆರಗಿನ ಬಣ್ಣ ಹತ್ತಿಯ ಮೈಗೆ ಹತ್ತದಂತೆ ಒಗೆಯುವುದು ಹೇಗೆ, ಮಡಿಕೆಯಲ್ಲಿ ಹರಿಯದಂತೆ ಇಡುವುದು ಹೇಗೆ ಎಂಬುದು. ಅದೆಲ್ಲವೂ ನನ್ನ ಲೇಖನದ ಕೊನೆಯ ಎರಡು ಪ್ಯಾರಾಗಳಲ್ಲಿ ಇತ್ತು, ಆದರೆ ಶೀರ್ಷಿಕೆಯಲ್ಲಿ ಅದರ ಸುಳಿವೇ ಇರಲಿಲ್ಲ. ಆರೈಕೆಯ ಭಾಗವನ್ನು ಪ್ರತ್ಯೇಕ ಬರಹವಾಗಿ ವಿಸ್ತರಿಸಿ, ನೇರವಾದ ಶೀರ್ಷಿಕೆ ಕೊಟ್ಟು, ಹಳೆಯ ಲೇಖನಕ್ಕೆ ಅಲ್ಲಿಂದ ಕೊಂಡಿ ಹಾಕಿದೆ. ಒಗೆಯುವ ವಿಧಾನಕ್ಕೆಂದು ಬಂದವರಲ್ಲಿ ಕೆಲವರು ತೋಪ್ ತೆನಿಯನ್ನೂ ಓದಿ ಹೋಗುತ್ತಾರೆ ಎಂಬುದನ್ನು ಕಂಡಾಗ ನನಗಾದ ಸಂತೋಷ ದೊಡ್ಡದು.

ಮೂರನೆಯದು ಲಿಪಿಯ ಪ್ರಶ್ನೆ. ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುವವರು ಬಹಳ ಜನ ಇದ್ದಾರೆಂದು ಎಲ್ಲರಿಗೂ ಗೊತ್ತು. ನಮ್ಮ ಬ್ಲಾಗಿಗೆ ಅಂಥವರು ಎಷ್ಟು ಮಂದಿ ಬರುತ್ತಾರೆಂದು ಅಳೆಯಲು ಇಲ್ಲಿ ದಾರಿಯಿದೆ. 2021ರಿಂದ ಈ ವರದಿಯಲ್ಲಿ ರೆಜೆಕ್ಸ್ ಎಂಬ ಶೋಧನ ಸೂತ್ರವನ್ನು ಬಳಸಬಹುದು. ಇಂಗ್ಲಿಷ್ ಅಕ್ಷರವಿರುವ ಪ್ರಶ್ನೆಗಳನ್ನು ಮಾತ್ರ ಒಂದು ಸಲ, ಅವುಗಳನ್ನು ಬಿಟ್ಟು ಇನ್ನೊಂದು ಸಲ ತೆಗೆದು ನೋಡಿದರೆ ಎರಡು ಬಗೆಯ ಓದುಗರು ಬೇರೆಯಾಗಿ ಕಾಣುತ್ತಾರೆ. ನನ್ನ ಬ್ಲಾಗಿನಲ್ಲಿ ಅಡುಗೆ ಹುಡುಕುವವರು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ಬಳಸುತ್ತಾರೆ, ವ್ರತ ಮತ್ತು ಪೂಜೆಯ ವಿವರ ಹುಡುಕುವವರು ಕನ್ನಡ ಲಿಪಿಯನ್ನು ಬಳಸುತ್ತಾರೆ. ಇದನ್ನು ನೋಡಿ ನಾನು ಬರಹವನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಲಿಲ್ಲ, ಬದಲಿಸುವುದೂ ಇಲ್ಲ. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡುತ್ತೇನೆ. ಅದಕ್ಕೆ ಇನ್ನೊಂದು ಕಾರಣವೂ ಉಂಟು: ಯೂನಿಕೋಡ್‌ನ ಪ್ರತಿ ಕನ್ನಡ ಚಿಹ್ನೆಯೂ ಕಂಪ್ಯೂಟರ್ ಅದನ್ನು ಇಟ್ಟುಕೊಳ್ಳುವ ಯುಟಿಎಫ್-8 ರೂಪದಲ್ಲಿ 3 ಬೈಟ್ ಹಿಡಿಯುವುದರಿಂದ, ಕೊಂಡಿಯನ್ನು ನಕಲು ಮಾಡಿ ಕಳುಹಿಸುವಾಗ ಒಂದೊಂದು ಚಿಹ್ನೆಯೂ ಶೇಕಡಾ ಚಿಹ್ನೆಗಳ ಸಹಿತ 9 ಅಕ್ಷರಗಳಾಗಿ ಹಿಗ್ಗುತ್ತದೆ, ಮತ್ತು ಅಷ್ಟುದ್ದದ ಗೋಜಲು ಕೊಂಡಿಯನ್ನು ವಾಟ್ಸ್ಯಾಪ್‌ನಲ್ಲಿ ಕಂಡವರು ಅನುಮಾನಪಡುವುದು ಸಹಜ.

ನನ್ನಂತೆ ಹಬ್ಬಗಳ ಬಗ್ಗೆ ಬರೆಯುವವರು ಬಹಳ ಗಮನವಿಟ್ಟು ಕಲಿಯಬೇಕಾದದ್ದು ದಿನಾಂಕಗಳ ಹೋಲಿಕೆಯನ್ನು. ಸರ್ಚ್ ಕನ್ಸೋಲ್ ಕಳೆದ 16 ತಿಂಗಳ ಮಾಹಿತಿಯನ್ನು ಇಟ್ಟುಕೊಳ್ಳುತ್ತದೆ, ಎರಡು ಅವಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ. ಆದರೆ ಹಿಂದಿನ ವರ್ಷದ ಅದೇ ಅವಧಿಯೊಂದಿಗೆ ಹೋಲಿಸುವ ಸಿದ್ಧ ಆಯ್ಕೆ ನಮ್ಮ ಪಂಚಾಂಗಕ್ಕೆ ಹೊಂದುವುದಿಲ್ಲ. ಯುಗಾದಿ 2023ರಲ್ಲಿ ಮಾರ್ಚ್ 22ರಂದು, 2024ರಲ್ಲಿ ಏಪ್ರಿಲ್ 9ರಂದು, 2025ರಲ್ಲಿ ಮಾರ್ಚ್ 30ರಂದು ಬಂತು. 2024ರ ಮಾರ್ಚನ್ನು 2023ರ ಮಾರ್ಚಿನೊಂದಿಗೆ ಹೋಲಿಸಿದರೆ, ಬ್ಲಾಗಿಗೆ ಏನೋ ಅನಾಹುತವಾಗಿದೆ ಎಂಬಂತೆ ಗೆರೆ ಕೆಳಗೆ ಬಿದ್ದಿರುತ್ತದೆ. ಆಗಿರುವುದು ಹಬ್ಬ ಮುಂದಕ್ಕೆ ಹೋದದ್ದಷ್ಟೇ. ನಾನೀಗ ಹಬ್ಬದ ದಿನವನ್ನೇ ನಡುಗಂಬವಾಗಿ ಇಟ್ಟುಕೊಂಡು, ಅದರ ಹಿಂದಿನ ಮೂರು ವಾರ ಮತ್ತು ನಂತರದ ಮೂರು ದಿನವನ್ನು ಎರಡೂ ವರ್ಷಗಳಿಗೆ ಕೈಯಾರೆ ಆರಿಸಿ ಹೋಲಿಸುತ್ತೇನೆ. ಸಂಕ್ರಾಂತಿಗೆ ಈ ತೊಂದರೆಯಿಲ್ಲ, ಅದು ಜನವರಿ 14 ಅಥವಾ 15ನ್ನು ಬಿಟ್ಟು ಹೋಗುವುದಿಲ್ಲ.

ಇದೇ ಹೋಲಿಕೆಯಿಂದ ಇನ್ನೂ ಎರಡು ಸಂಗತಿ ತಿಳಿದವು. ಎಳ್ಳು-ಬೆಲ್ಲದ ಬರಹಕ್ಕೆ ಜನ ಬರತೊಡಗುವುದು ಹಬ್ಬದ ಮುನ್ನಾದಿನವಲ್ಲ. ಕೊಬ್ಬರಿ, ಬೆಲ್ಲ ಹೆಚ್ಚಿ ಒಣಗಿಸಲು ಬಿಸಿಲಿನ ದಿನಗಳು ಬೇಕಾಗುವುದರಿಂದ ಅವರು ಎರಡು ವಾರ ಮುಂಚೆಯೇ ಹುಡುಕುತ್ತಾರೆ. ಹಬ್ಬದ ಹಿಂದಿನ ರಾತ್ರಿ ಬರಹ ಪ್ರಕಟಿಸುವ ನನ್ನ ಹಳೆಯ ರೂಢಿ ಅವರಿಗೆ ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ. ಮತ್ತೊಂದು, ಪ್ರತಿ ವರ್ಷ ಶೀರ್ಷಿಕೆಯಲ್ಲಿ ಇಸವಿ ಹಾಕಿ ಹೊಸ ಪುಟ ತೆರೆಯುತ್ತಿದ್ದುದರಿಂದ ನನ್ನದೇ ಪುಟಗಳು ಒಂದೇ ಪ್ರಶ್ನೆಗೆ ಪರಸ್ಪರ ಪೈಪೋಟಿ ನಡೆಸುತ್ತಿದ್ದವು. ಈಗ ಒಂದೇ ವಿಳಾಸವನ್ನು ಉಳಿಸಿಕೊಂಡು ಅದನ್ನೇ ವರ್ಷವರ್ಷ ತಿದ್ದುತ್ತೇನೆ. 16 ತಿಂಗಳ ಮಿತಿಯಿಂದಾಗಿ ಹಬ್ಬ ಮುಗಿದ ಮೂರು ತಿಂಗಳೊಳಗೆ ಎರಡೂ ವರ್ಷಗಳ ಅಂಕಿಗಳನ್ನು ಇಳಿಸಿಟ್ಟುಕೊಳ್ಳಬೇಕು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಹಿಂದಿನ ವರ್ಷದ ಹಬ್ಬ ಅಳಿಸಿಹೋಗುತ್ತದೆ.

ಪುಟಗಳು ಗೂಗಲ್‌ನ ಸೂಚಿಗೆ, ಅಂದರೆ ಹುಡುಕಾಟದಲ್ಲಿ ತೋರಿಸಬಹುದಾದ ಪುಟಗಳ ಪಟ್ಟಿಗೆ, ಸೇರಿವೆಯೇ ಎಂದು ತಿಳಿಸುವ ವರದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರಾಲ್ ಮಾಡಿ (ಗೂಗಲ್‌ನ ತಂತ್ರಾಂಶ ಪುಟಕ್ಕೆ ಬಂದು ಓದಿ) ನೋಡಿದ್ದೇವೆ, ಆದರೆ ಸೂಚಿಗೆ ಸೇರಿಸಿಲ್ಲ ಎಂಬ ಗುಂಪಿನಲ್ಲಿ ನನ್ನ ಹಲವು ಪುಟಗಳು ಇದ್ದವು, ಎಲ್ಲವೂ ನಾಲ್ಕು ಸಾಲಿನ ಹಬ್ಬದ ಶುಭಾಶಯಗಳು. ಅವುಗಳನ್ನು ತೆಗೆದುಹಾಕಿದೆ. ಅಡುಗೆ ಬರೆಯುವವರು ರೆಸಿಪಿ ಮಾರ್ಕಪ್‌ನ ವರದಿಯನ್ನು ಒಮ್ಮೆ ನೋಡಲಿ. ಅದರಲ್ಲಿ ಕಡ್ಡಾಯವಾದದ್ದು ಹೆಸರು ಮತ್ತು ಚಿತ್ರ ಎರಡೇ, ಉಳಿದ ಎಚ್ಚರಿಕೆಗಳನ್ನು ಕಂಡು ಗಾಬರಿಯಾಗಬೇಕಿಲ್ಲ.

ಪುಟದ ವೇಗವನ್ನು ಅಳೆಯುವ ಕೋರ್ ವೆಬ್ ವೈಟಲ್ಸ್ ವರದಿ ಮೂರು ಗುರಿಗಳನ್ನು ಮುಂದಿಡುತ್ತದೆ: ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಬೆರಳು ತಾಗಿಸಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಸಿಗಬೇಕು, ಓದುತ್ತಿರುವಾಗ ಪುಟ ಅಲುಗುವ ಅಳತೆ 0.1 ದಾಟಬಾರದು. ಎರಡನೆಯ ಅಳತೆ ಈಗಿನ ರೂಪದಲ್ಲಿ ಬಂದದ್ದು 2024ರ ಮಾರ್ಚ್‌ನಲ್ಲಿ. ಇದು ಕ್ರೋಮ್ ಬಳಕೆದಾರರಿಂದ ಸಂಗ್ರಹವಾದ ಮಾಹಿತಿಯನ್ನು ಆಧರಿಸಿರುವುದರಿಂದ, ಓದುಗರು ಕಡಿಮೆ ಇರುವ ಬ್ಲಾಗಿಗೆ ವರದಿ ಖಾಲಿಯಾಗಿಯೇ ಇರುತ್ತದೆ. ನನ್ನದೂ ಬಹಳ ಕಾಲ ಖಾಲಿ ಇತ್ತು. ತುಂಬಿದ ಮೇಲೆ ಅದು ತೋರಿದ ದೋಷ ಅಲುಗಾಟದ್ದು. ಅಲಂಕಾರದ ಕನ್ನಡ ಫಾಂಟ್ ತಡವಾಗಿ ಇಳಿದು ಬಂದಾಗ ಸಾಲುಗಳೆಲ್ಲ ಜಾಗ ಬದಲಿಸುತ್ತಿದ್ದವು. ಆ ಫಾಂಟನ್ನು ಕೈಬಿಟ್ಟು, ಓದುಗರ ಫೋನಿನಲ್ಲಿ ಮೊದಲೇ ಇರುವ ಕನ್ನಡ ಅಕ್ಷರಗಳಿಗೆ ಮರಳಿದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಹೆಚ್ಚಿಸಬೇಕೆಂಬುದನ್ನು ಮಾತ್ರ ಯಾವ ವರದಿಯೂ ಹೇಳಲಿಲ್ಲ, ಕನ್ನಡಕ ಹಾಕಿಕೊಂಡು ಓದುವ ನನ್ನ ತಾಯಿ ಹೇಳಿದರು.

ಈಗ ಕೊರತೆಗಳ ಮಾತು. ಕೆಲವೇ ಜನ ಕೇಳಿದ ಪ್ರಶ್ನೆಗಳನ್ನು ಗೋಪ್ಯತೆಯ ಕಾರಣಕ್ಕಾಗಿ ಈ ಸೇವೆ ಮರೆಮಾಡುತ್ತದೆ. ಎರಡು ಮೂರು ತಿಂಗಳಲ್ಲಿ ಕೆಲವು ಡಜನ್ ಜನರಾದರೂ ಕೇಳದ ಮಾತು ಪಟ್ಟಿಯಲ್ಲಿ ಬರುವುದಿಲ್ಲ. ಉದ್ದೇಶ ಸರಿಯಾದದ್ದೇ, ಆದರೆ ಇದರ ಪೆಟ್ಟು ಕನ್ನಡದಂತಹ ಭಾಷೆಗಳ ಸಣ್ಣ ಬ್ಲಾಗುಗಳ ಮೇಲೆ ಹೆಚ್ಚು ಬೀಳುತ್ತದೆ, ಏಕೆಂದರೆ ಒಂದೇ ಅಡುಗೆಯನ್ನು ನಮ್ಮ ಜನ ಹತ್ತು ಕಾಗುಣಿತದಲ್ಲಿ, ಎರಡು ಲಿಪಿಯಲ್ಲಿ ಕೇಳುತ್ತಾರೆ. ಎಣಗಾಯಿ, ಎಣ್ಣೆಗಾಯಿ, ಎಣ್ಣೆ ಬದನೆಕಾಯಿ ಎಂದು ಹಂಚಿಹೋದ ಪ್ರಶ್ನೆಗಳಲ್ಲಿ ಎಷ್ಟೋ ಕಾಣಿಸದೆ ಉಳಿಯುತ್ತವೆ. ಮೇಲಿನ ಒಟ್ಟು ಸಂಖ್ಯೆಯೂ ಕೆಳಗಿನ ಪಟ್ಟಿಯ ಮೊತ್ತವೂ ತಾಳೆಯಾಗದಿರುವುದಕ್ಕೆ ಇದೇ ಮುಖ್ಯ ಕಾರಣ. ಪಟ್ಟಿಯಲ್ಲಿ 1000 ಸಾಲುಗಳಿಗಿಂತ ಹೆಚ್ಚು ತೋರಿಸುವುದಿಲ್ಲ, ಆದರೆ ನಮ್ಮ ಗಾತ್ರದ ಬ್ಲಾಗಿಗೆ ಅದು ಅಡ್ಡಿಯಲ್ಲ. ಸರಾಸರಿ ಸ್ಥಾನವೆಂಬ ಅಂಕಿಯನ್ನು ಇಡೀ ಬ್ಲಾಗಿಗೆ ನೋಡುವುದರಲ್ಲಿ ಅರ್ಥವಿಲ್ಲ, ಒಂದು ಪ್ರಶ್ನೆ ಮತ್ತು ಒಂದು ಪುಟಕ್ಕೆ ಸೀಮಿತಗೊಳಿಸಿ ನೋಡಿದರೆ ಮಾತ್ರ ಅದು ಏನನ್ನಾದರೂ ಹೇಳುತ್ತದೆ. ಒಳಗೆ ಬಂದ ಓದುಗರು ಎಷ್ಟು ಹೊತ್ತು ಉಳಿದರು, ಎಲ್ಲಿಗೆ ಹೋದರು ಎಂಬುದು ಇಲ್ಲಿ ಸಿಗುವುದಿಲ್ಲ. ಇಳಕಲ್ ಲೇಖನವನ್ನೂ ಕೆಲವರು ಓದಿ ಹೋಗುತ್ತಾರೆಂದು ನನಗೆ ಗೊತ್ತಾದದ್ದು ಬೇರೆ ಲೆಕ್ಕದಿಂದ. ವಾಟ್ಸ್ಯಾಪ್ ಗುಂಪುಗಳಿಂದ ಬರುವವರ ಸುದ್ದಿಯೂ ಇಲ್ಲಿರುವುದಿಲ್ಲ.

ನಾನು ಭಾನುವಾರ ಒಂದು ಗಂಟೆ ಇದಕ್ಕೆಂದೇ ಇಡುತ್ತೇನೆ. ಒಂದು ಪುಟವನ್ನು ಆರಿಸಿ, ಅದಕ್ಕೆ ಬಂದ ಪ್ರಶ್ನೆಗಳನ್ನು ಓದಿ, ಉತ್ತರ ಸಿಗದೆ ಉಳಿದ ಒಂದಕ್ಕೆ ಉತ್ತರ ಬರೆಯುತ್ತೇನೆ. ಪ್ರತಿದಿನ ನೋಡುವುದನ್ನು ನಾನು ಒಪ್ಪುವುದಿಲ್ಲ, ಅಂತಿಮ ಅಂಕಿಗಳು ಬರುವುದೇ ಕೆಲವು ದಿನ ತಡವಾಗಿ. ಐದಾರು ವರ್ಷದಿಂದ ಬರೆಯುತ್ತಿರುವ, ನೂರಾರು ಬರಹಗಳನ್ನು ಕೂಡಿಹಾಕಿರುವವರಿಗೆ ಈ ಸೇವೆಯನ್ನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಹಣ ಕೊಟ್ಟು ತರಗತಿ ಸೇರುವ ಮೊದಲು ಆರು ತಿಂಗಳು ಇದರೊಂದಿಗೆ ಕಳೆಯಲಿ. ಈಗಷ್ಟೇ ಬ್ಲಾಗ್ ತೆರೆದವರಿಗೆ ಇದರಲ್ಲಿ ನೋಡಲು ಹೆಚ್ಚೇನೂ ಇರದು, ಆದರೂ ಅವರು ಮೊದಲ ದಿನವೇ ತಮ್ಮ ವಿಳಾಸವನ್ನು ಇಲ್ಲಿ ಸೇರಿಸಿಡಬೇಕು, ಏಕೆಂದರೆ ಸೇರಿಸಿದ ದಿನದಿಂದಷ್ಟೇ ಮಾಹಿತಿ ಕೂಡತೊಡಗುತ್ತದೆ, ಮುಂದಿನ ಯುಗಾದಿಗೆ ಹೋಲಿಸಿ ನೋಡಲು ಈ ಯುಗಾದಿಯ ಲೆಕ್ಕ ಇರಬೇಕಾಗುತ್ತದೆ.