ಶಕ್ತಿ ಸದನ ಅನುದಾನ: ಸೂರಿಗೆ ಸರಿ, ಕೋರ್ಟಿನ ದಾರಿಗೆ ಸಾಲದು

ಮಾನವ ಕಳ್ಳಸಾಗಣೆ ಜಾಲದಿಂದ ಬಿಡಿಸಿ ತಂದ ಹೆಣ್ಣುಮಕ್ಕಳಿಗೆ ಆಸರೆ ಕೊಡಬೇಕೆನ್ನುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಂಸ್ಥೆಗಳು ಮೊದಲು ನೋಡುವುದು ಸರ್ಕಾರದ ಅನುದಾನವನ್ನೇ. 2007ರ ಡಿಸೆಂಬರ್‌ನಲ್ಲಿ ಶುರುವಾಗಿದ್ದ, ಕಳ್ಳಸಾಗಣೆಗೆ ಸಿಕ್ಕವರಿಗಾಗಿನ ಉಜ್ವಲಾ ಯೋಜನೆಯನ್ನೂ ಸಂಕಷ್ಟದಲ್ಲಿರುವ ಮಹಿಳೆಯರ ಆಶ್ರಯವಾದ ಸ್ವಾಧಾರ ಗೃಹವನ್ನೂ 2022ರಲ್ಲಿ ಕೇಂದ್ರದ ಮಹಿಳಾ ಯೋಜನೆಯಾದ ಮಿಷನ್ ಶಕ್ತಿಯಡಿ ಒಂದುಗೂಡಿಸಿ ಶಕ್ತಿ ಸದನ ಎಂದು ಮಾಡಿದರು. ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಹಣ ಕೇಂದ್ರದಿಂದ ರಾಜ್ಯಕ್ಕೆ ಬಂದು, ಅಲ್ಲಿಂದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ಸಂಸ್ಥೆಗೆ ತಲುಪುತ್ತದೆ. ಐದರಲ್ಲಿ ಮೂರು ಅಂಕ ಕೊಡಬಹುದಾದ ಅನುದಾನ ಇದು. ಕೋಣೆ ಎಷ್ಟು, ತಲೆ ಎಷ್ಟು ಎಂದು ಎಣಿಸಿ ಹಣ ಬರುತ್ತದೆ. ಖರ್ಚು ಮಾತ್ರ ಕೇಸು ಹೋದಲ್ಲೆಲ್ಲ ಹೋಗುತ್ತದೆ.

ಮೆಚ್ಚಬೇಕಾದ್ದನ್ನು ಮೊದಲು ಹೇಳಬೇಕು. ಮೂರು ವರ್ಷದವರೆಗೆ ವಾಸಕ್ಕೆ ಅವಕಾಶವಿದೆ. ತಾಯಿಯ ಜೊತೆ ಹೆಣ್ಣುಮಕ್ಕಳು ಎಷ್ಟೇ ವಯಸ್ಸಿನವರಿದ್ದರೂ, ಗಂಡುಮಕ್ಕಳು 12 ವರ್ಷದವರೆಗೂ ಇರಬಹುದು. ನಿವಾಸಿಯ ಹೆಸರಿನ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಜಮಾ ಆಗಬೇಕು, ಹೋಗುವಾಗ ಬಡ್ಡಿ ಸಮೇತ ಅದು ಅವಳ ಕೈಗೆ. ಸಣ್ಣ ಮೊತ್ತವೇ, ಆದರೆ ದುಡಿದದ್ದೆಲ್ಲ ಪರರ ಕೈಸೇರಿದ ಹೆಣ್ಣುಮಗಳಿಗೆ ತನ್ನ ಹೆಸರಿನ ಪಾಸ್‌ಬುಕ್ ಬಹಳ ದೊಡ್ಡದು. ಹಾಗಾಗಿ ದಾಖಲಾದ ವಾರದಲ್ಲೇ ಖಾತೆ ತೆರೆಸಿ. ಆಧಾರ್ ಊರಲ್ಲೋ ದಲ್ಲಾಳಿಯ ಬಳಿಯೋ ಉಳಿದಿರುತ್ತದೆ, ನಂಬರೂ ನೆನಪಿರುವುದಿಲ್ಲ. ಅದನ್ನು ಪತ್ತೆ ಮಾಡುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ.

ಸಾಲದಿರುವುದು ಎಲ್ಲಿ? ಬೆಳಗಾವಿ ಗಡಿ ಜಿಲ್ಲೆ. ಹೆಣ್ಣುಮಗಳು ನಮ್ಮವಳಾದರೂ ಎಫ್‌ಐಆರ್ ಸಾಂಗಲಿ, ಪುಣೆ ಇಲ್ಲವೇ ಪಣಜಿಯಲ್ಲಿರಬಹುದು. ಸಾಕ್ಷಿ ಹೇಳಲು ಅವಳೊಬ್ಬಳನ್ನೇ ಕಳಿಸಲಾಗದು, ಜೊತೆಗೊಬ್ಬ ಕಾರ್ಯಕರ್ತೆ ಬೇಕು, ರಾತ್ರಿ ತಂಗಲು ಸುರಕ್ಷಿತ ಜಾಗ ಬೇಕು. ತಾರೀಖು ಮುಂದೆ ಹೋದರೆ ಇಷ್ಟೂ ಖರ್ಚು ಮತ್ತೊಮ್ಮೆ. ಬಂಗಾಳಿ ಮಾತಾಡುವವಳು ಬಂದರೆ ದುಭಾಷಿ ಬೇಕು. ಸದನ ಬಿಟ್ಟು ಊರಿಗೆ ಮರಳಿದ ಮೇಲಿನ ಒಂದು ವರ್ಷವೇ ಅತ್ಯಂತ ಅಪಾಯದ್ದು. ದಲ್ಲಾಳಿ ಮತ್ತೆ ಸುಳಿಯುವುದು ಆಗಲೇ. ಆಗ ಅವಳು ಹಾಜರಾತಿ ರಜಿಸ್ಟರಿನಲ್ಲಿ ಇರುವುದಿಲ್ಲ, ಅವಳ ಲೆಕ್ಕದ ಹಣವೂ ಇರುವುದಿಲ್ಲ. ಅನುದಾನದ ದೊಡ್ಡ ಕೊರತೆ ಇದೇ. ಸಾಕ್ಷಿ ಭತ್ಯೆಯನ್ನು ಕೋರ್ಟಿನಲ್ಲಿ ಕೇಳಿ ಪಡೆಯಬಹುದು. ಅದಕ್ಕಾಗಿ ಅದೇ ದಿನ ಹಾಜರಾತಿ ಪ್ರಮಾಣಪತ್ರ ತೆಗೆದುಕೊಳ್ಳಿ, ಬಸ್ ಟಿಕೆಟ್ ಎಸೆಯಬೇಡಿ.

ಅರ್ಜಿ ಜಿಲ್ಲೆಯ ಉಪನಿರ್ದೇಶಕರ ಕಚೇರಿಯಿಂದ ಮೇಲೆ ಹೋಗುತ್ತದೆ. ನೋಂದಣಿ ಪತ್ರ, ಬೈಲಾ, ಆಡಳಿತ ಮಂಡಳಿಯ ಠರಾವು, ಮೂರು ವರ್ಷದ ಆಡಿಟ್ ವರದಿ, ಪ್ಯಾನ್, ಆದಾಯ ತೆರಿಗೆ ವಿನಾಯಿತಿಯ 12ಎ ನೋಂದಣಿ, ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲಿನ ಐಡಿ, ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಪಿಎಫ್‌ಎಂಎಸ್ ನೋಂದಣಿ ಸಿದ್ಧವಿರಲಿ. ಬಾಡಿಗೆ ಕಟ್ಟಡವಾದರೆ ಕರಾರಿನ ಜೊತೆ ಲೋಕೋಪಯೋಗಿ ಇಲಾಖೆಯಿಂದ ಬಾಡಿಗೆ ಮೌಲ್ಯಮಾಪನವನ್ನೂ ಮಾಡಿಸಿಡಿ. ಹೆಚ್ಚು ಅರ್ಜಿಗಳು ಎಡವುವುದು ಹೆಸರಿನಲ್ಲಿ: ನೋಂದಣಿ ಪತ್ರದಲ್ಲಿ ‘ಮಹಿಳಾ ಮಂಡಳ’, ಪ್ಯಾನ್‌ನಲ್ಲಿ ‘ಮಹಿಳಾ ಮಂಡಳಿ’, ಪಾಸ್‌ಬುಕ್ಕಿನಲ್ಲಿ ಅರ್ಧ ಹೆಸರು. ಒಂದಕ್ಷರ ಹೆಚ್ಚುಕಮ್ಮಿಯಾದರೂ ಪಿಎಫ್‌ಎಂಎಸ್‌ನಲ್ಲಿ ಖಾತೆ ತಾಳೆಯಾಗದೆ ಹಣ ನಿಲ್ಲುತ್ತದೆ. ಸೊಸೈಟಿಯಾಗಿದ್ದರೆ ಆಡಳಿತ ಮಂಡಳಿಯ ವಾರ್ಷಿಕ ಪಟ್ಟಿಯನ್ನು ನೋಂದಣಾಧಿಕಾರಿಗೆ ತಪ್ಪದೆ ಸಲ್ಲಿಸಿರಬೇಕು.

ಮಂಜೂರಾದ ಕೂಡಲೇ ಕಂತು ಬರುವುದಿಲ್ಲ. ಹಿಂದಿನ ಕಂತು ಹೇಗೆ ಖರ್ಚಾಯಿತೆಂಬ ಬಳಕೆ ಪ್ರಮಾಣಪತ್ರ ಒಪ್ಪಿಗೆಯಾಗದೆ ಮುಂದಿನದು ಹೊರಡುವುದಿಲ್ಲ, ಮಾರ್ಚ್ ದಾಟಿದರೆ ಹೊಸ ಬಜೆಟ್ಟಿಗೆ ಕಾಯಬೇಕು. ಆರು ತಿಂಗಳ ಊಟ, ಬಾಡಿಗೆ, ಸಂಬಳಕ್ಕೆ ಸ್ವಂತ ಹಣ ಕೈಯಲ್ಲಿಲ್ಲದ ಸಂಸ್ಥೆ ಸದನ ತೆರೆಯಬಾರದು. ರವಿವಾರ ಪೇಟೆಯ ಕಿರಾಣಿ ಅಂಗಡಿ ಎರಡು ತಿಂಗಳು ಉದ್ರಿ ಕೊಟ್ಟೀತು. ರಾತ್ರಿ ಪಾಳಿಯ ಸಿಬ್ಬಂದಿ ಸಂಬಳವಿಲ್ಲದೆ ಎರಡು ತಿಂಗಳು ಇರಲಾರರು. ಅವರು ಬಿಟ್ಟುಹೋದ ರಾತ್ರಿ ಆ ಹೆಣ್ಣುಮಕ್ಕಳನ್ನು ಕಾಯುವವರು ಯಾರು?

ಬಳಕೆ ಪ್ರಮಾಣಪತ್ರ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿರಬೇಕು, ಅದರ ಅಂಕಿ ಆಡಿಟ್ ಆದ ಜಮಾ-ಖರ್ಚಿಗೆ ಪೈಸೆ ಪೈಸೆ ಕೂಡಬೇಕು. ಅನುದಾನದ ಮೇಲೆ ಬಂದ ಬಡ್ಡಿ ಸಂಸ್ಥೆಯದಲ್ಲ, ಬೇರೆ ತೋರಿಸಿ ಮರಳಿಸಬೇಕು. ಊಟದ ಬಾಬ್ತಿನಲ್ಲಿ ಉಳಿದದ್ದನ್ನು ಔಷಧಕ್ಕೆ ಹಾಕಿದರೆ ಉದ್ದೇಶ ಒಳ್ಳೆಯದಿದ್ದರೂ ಆಕ್ಷೇಪಣೆ ಬರುತ್ತದೆ, ಮೊದಲೇ ಲಿಖಿತ ಅನುಮತಿ ಪಡೆಯಿರಿ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಜರಾತಿಯಲ್ಲಿ ಆಸ್ಪತ್ರೆ, ಕೋರ್ಟು, ಮನೆಗೆ ಹೋದ ದಿನಗಳನ್ನು ಬೇರೆ ಬೇರೆ ಗುರುತಿಸಿ. ತಪಾಸಣೆಗೆ ಬಂದವರು ಹಾಸಿಗೆ ಎಣಿಸಿ ರಜಿಸ್ಟರಿಗೆ ತಾಳೆ ಹಾಕುತ್ತಾರೆ.

18 ತುಂಬದವರ ದಾರಿಯೇ ಬೇರೆ: 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಇನ್ನು ಸಂತ್ರಸ್ತೆಗೆ ಸಿಗುವ ಪರಿಹಾರ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಬರುವುದಿರಲಿ, ಜೀತವಿಮುಕ್ತಿ ಪ್ರಮಾಣಪತ್ರದ ಮೇಲೆ ಬರುವ 3 ಲಕ್ಷದವರೆಗಿನ ನೆರವಿರಲಿ, ಅವಳ ಹಣ. ಸಂಸ್ಥೆಯ ಖಾತೆಗೆ ಅದು ಬರಲೇಕೂಡದು.

ಹಾಗಾದರೆ ಕೋರ್ಟಿನ ಓಡಾಟಕ್ಕೂ ಮನೆಗೆ ಮರಳಿದ ಮೇಲಿನ ವರ್ಷಕ್ಕೂ ಹಣ ಎಲ್ಲಿಂದ? ನಮ್ಮ ಸಲಹೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಸಿಎಸ್‌ಆರ್ ನಿಧಿ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಪ್ರತಿ ಫೌಂಡ್ರಿಗೂ ಅಲೆಯಬೇಡಿ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗೆ ಮಾತ್ರ ಈ ಹೊಣೆ. ಸಹಕಾರಿ ಸಕ್ಕರೆ ಕಾರ್ಖಾನೆಗಳು ಕಂಪನಿ ಕಾಯ್ದೆಯಡಿ ಬರುವುದಿಲ್ಲ, ಖಾಸಗಿಯವು ಬರುತ್ತವೆ. ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವ, ಇಂಥ ಹಣ ಪಡೆಯಲು ಸಲ್ಲಿಸುವ ಸಿಎಸ್‌ಆರ್-1 ನಮೂನೆಯ ನೋಂದಣಿ ಬೇಕು. ಕಂಪನಿಗಳು ಹೊಲಿಗೆ ಯಂತ್ರ, ಕಂಪ್ಯೂಟರು ಬೇಗ ಕೊಡುತ್ತವೆ, ಸಂಬಳ, ಪ್ರಯಾಣ ಎಂದರೆ ಹಿಂಜರಿಯುತ್ತವೆ. ‘ಒಬ್ಬ ಮಹಿಳೆಗೆ ಎರಡು ವರ್ಷದ ಬೆಂಬಲ’ ಎಂದು ತಲಾ ವೆಚ್ಚ ಕಟ್ಟಿ, ಬಹುವರ್ಷದ ಯೋಜನೆಯಾಗಿ ಕೇಳಿ. ಆಗ ಮಾರ್ಚ್ ಒಳಗೆ ಎಲ್ಲ ಖರ್ಚು ಮಾಡಿಬಿಡುವ ಒತ್ತಡ ಇರುವುದಿಲ್ಲ.

ಇಲ್ಲೇ ಒಂದು ಅಪಾಯವೂ ಇದೆ. ದಾನಿಗಳಿಗೆ ಫೋಟೊ ಬೇಕು. ಅತ್ಯಾಚಾರ ಪ್ರಕರಣದ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ 2 ವರ್ಷದವರೆಗೆ ಜೈಲಿದೆ. ಮುಖ ಮಬ್ಬು ಮಾಡಿದರೂ ಊರು, ಜಾತಿ, ವಯಸ್ಸು ಬರೆದರೆ ಸವದತ್ತಿಯ ಕಡೆಯ ಸಣ್ಣ ಹಳ್ಳಿಯಲ್ಲಿ ಅವಳು ಯಾರೆಂದು ಸಂಜೆಯೊಳಗೆ ಗೊತ್ತಾಗುತ್ತದೆ. ವರದಿಯಲ್ಲಿ ಸಂಕೇತ ಸಂಖ್ಯೆ ಮಾತ್ರ ಇರಲಿ. ‘ಭೇಟಿಗೆ ಬಂದವರು ನಿವಾಸಿಗಳನ್ನು ನೋಡುವಂತಿಲ್ಲ’ ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿ.

ವಿದೇಶಿ ನೆರವು ಹೊಸ ಸಂಸ್ಥೆಗಳಿಗೆ ದೂರದ ಮಾತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಹಣ ಮೊದಲು ಇಳಿಯಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಗೆ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ಪಾಲು ಕೊಡುತ್ತೇನೆಂದರೆ ಒಪ್ಪಬೇಡಿ: 2020ರ ತಿದ್ದುಪಡಿಯ ನಂತರ ಹಾಗೆ ವರ್ಗಾಯಿಸುವಂತಿಲ್ಲ.