ಉಪ್ಪಿನಕಾಯಿ ಬಾಟಲಿಗೆ ಕ್ರೋಮೋ ಲೇಬಲ್ಲೋ, ಪಿಪಿಯೋ?

ಕ್ರೋಮೋ ಅಂದರೆ ಒಂದು ಬದಿಗೆ ಹೊಳಪಿರುವ ಕಾಗದ. ಪಿಪಿ ಪ್ಲಾಸ್ಟಿಕ್ ಹಾಳೆ. ಹಿಂದಿನ ಅಂಟು ಎರಡಕ್ಕೂ ಒಂದೇ ಇರಬಹುದು.

ದುಡ್ಡಿನ ಲೆಕ್ಕದಲ್ಲಿ ಕ್ರೋಮೋನೇ ಅಗ್ಗ. ಆದರೆ ಮುಚ್ಚಳದಿಂದ ಒಂದು ಹನಿ ಎಣ್ಣೆ ಇಳಿದರೂ ಕಾಗದ ಹೀರಿಕೊಳ್ಳುತ್ತದೆ, ಕಲೆ ಹರಡುತ್ತದೆ. ಫ್ರಿಜ್ಜಿಂದ ತೆಗೆದ ಬಾಟಲಿ ಬೆವರಿದರೆ ಅಂಚು ಏಳುತ್ತದೆ. ಮೇಲೆ ಲ್ಯಾಮಿನೇಷನ್ ಮಾಡಿಸಬಹುದು, ಆದರೂ ಕತ್ತರಿಸಿದ ಅಂಚಿನಿಂದ ಎಣ್ಣೆ ನುಗ್ಗುತ್ತದಲ್ವಾ? ಪಿಪಿಯಾದರೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ತಯಾರಿಸಿದ ದಿನಾಂಕ ಕೈಯಲ್ಲೇ ಬರೆಯುತ್ತೀರಾ? ಪಿಪಿ ಮೇಲೆ ಬಾಲ್‌ಪೆನ್ ಜಾರುತ್ತದೆ, ಪರ್ಮನೆಂಟ್ ಮಾರ್ಕರ್ ಬೇಕು. ಕ್ರೋಮೋಗೆ ಆ ರಗಳೆ ಕಡಿಮೆ.

ಚಟ್ನಿಪುಡಿಗೆ, ಸಂತೆಯಲ್ಲಿ ಬೇಗ ಖರ್ಚಾಗುವ ಮಾಲಿಗೆ ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ, ಕ್ರೋಮೋ ಸಾಕು. ತಿಂಗಳುಗಟ್ಟಲೆ ಅಂಗಡಿಯಲ್ಲಿ ನಿಲ್ಲುವ ಮಾವಿನಮಿಡಿಗೆ ಪಿಪಿ ಹಾಕಿಸಿ. ಯಾವುದಾದರೂ ಸರಿ, ಅಂಟಿಸುವ ಮೊದಲು ಬಾಟಲಿಯ ಎಣ್ಣೆ ಪಸೆ ಪೂರ್ತಿ ಒರೆಸಿ.